ಹಾರ್ಡ್ಲಿ ಅಂದರೆ ಎಷ್ಟು?

ನಮ್ಮ ಓಣಿಗೆ ಇಂಗ್ಲಿಷು ಮನುಷ್ಯರ ಬಾಯಲ್ಲಿ ಬರದೆ ಸಾಮಾನಿನ ಮೈಮೇಲೆ ಬರುತ್ತಿದ್ದ ಕಾಲವದು. ಗೊಬ್ಬರದ ಚೀಲ, ಬೀಜದ ಪಾಕೀಟು, ತುರಿಕೆಯ ಮುಲಾಮು, ಕೆಮ್ಮಿನ ಔಷಧದ ಬಾಟಲಿ ಇವುಗಳ ಮೇಲೆ ಇರುವೆಗಳಂತೆ ಸಾಲುಗಟ್ಟಿದ್ದ ಅಕ್ಷರಗಳನ್ನು ಓದುವವರು ಇಡೀ ಓಣಿಯಲ್ಲಿ ಒಬ್ಬರೇ ಇದ್ದರು. ಅದು ನಾನು. ಏಳನೇ ಇಯತ್ತೆ, ಎರಡು ಜಡೆ, ಒಂದು ಮೊಳಕಾಲಿಗೆ ಸದಾ ಗಾಯ. ಮೆಣಸಗಿಯ ಮಗ್ಗುಲಿನ ನಮ್ಮೂರಿನಲ್ಲಿ ನನ್ನನ್ನು ‘ಇಂಗ್ಲಿಷ್ ಗಂಗಿ’ ಅನ್ನುತ್ತಿದ್ದರು.

ಪುಕ್ಕಟೆ ಓದುತ್ತಿರಲಿಲ್ಲ. ಔಷಧದ ಬಾಟಲಿಗೆ ಒಂದು ಹಿಡಿ ಹುರಿದ ಶೇಂಗಾ, ಬೀಜದ ಪಾಕೀಟಿಗೆ ಬೆಲ್ಲದ ಚೂರು, ಗೊಬ್ಬರದ ಚೀಲದ ಮೇಲೆ ಅಕ್ಷರ ಜಾಸ್ತಿ ಇರುವುದರಿಂದ ಎರಡೂ. “ಏನ್ ಬೇ, ನಾಕ ಅಕ್ಷರಕ್ಕ ಇಷ್ಟ್ಯಾಕ?” ಎಂದು ಯಾರಾದರೂ ಜಗ್ಗಾಡಿದರೆ, “ಹಂಗಾರ ನೀವ ಓದ್ರಿ” ಎಂದು ಬಾಟಲಿ ತಿರುಗಿ ಕೊಡುತ್ತಿದ್ದೆ. ಇಂದು ಗಜೇಂದ್ರಗಡದಲ್ಲಿ ನನ್ನದೇ ಸೀರೆ ಅಂಗಡಿ ಇದೆ. ಯಾರೂ ಹಾಕಿಕೊಟ್ಟದ್ದಲ್ಲ, ಸೀರೆಯ ಗಂಟು ಹೊತ್ತು ಮಾರಿ ಕಟ್ಟಿದ್ದು. ವ್ಯಾಪಾರ ಎಲ್ಲಿ ಕಲಿತೆ ಎಂದು ಕೇಳಿದವರಿಗೆ ನಾನು ಆ ಹುರಿದ ಶೇಂಗಾದ ಲೆಕ್ಕವನ್ನೇ ಹೇಳುವುದು.

ನನ್ನ ಬಂಡವಾಳವೆಂದರೆ, ಐದನೇ ಇಯತ್ತೆಯಲ್ಲಿ ಹಿಂದಿನ ಸರ್ ಹೇಳಿಕೊಟ್ಟಿದ್ದ ಒಂದೇ ಒಂದು ಸೂತ್ರ. “ಇಂಗ್ಲಿಷ್ ಶಬ್ದದ ಬಾಲಕ್ಕ ‘ಲಿ’ ಬಂತಂದ್ರ ಕನ್ನಡದಾಗ ‘ಆಗಿ’ ಹಚ್ಚರಿ. ಮುಗೀತು.” ಸ್ಲೋ ಅಂದರೆ ನಿಧಾನ, ಸ್ಲೋಲಿ ಅಂದರೆ ನಿಧಾನವಾಗಿ. ಲೌಡ್ ಅಂದರೆ ಜೋರು, ಲೌಡ್ಲಿ ಅಂದರೆ ಜೋರಾಗಿ. ಒಂದೇ ಕೀಲಿಕೈಗೆ ಊರಿನ ಬೀಗಗಳೆಲ್ಲ ತೆರೆದುಕೊಳ್ಳುವುದನ್ನು ಕಂಡ ಮೇಲೆ, ಯಾವುದೋ ಒಂದು ಬೀಗ ಅದಕ್ಕೆ ಉಲ್ಟಾ ತಿರುಗೀತು ಎಂಬ ಸಂಶಯವಾದರೂ ಹೇಗೆ ಬರಬೇಕು?

ಶ್ರಾವಣದ ಸುರುವಾತು. ಹೊಲದಲ್ಲಿ ಹೆಸರುಕಾಯಿ ಕಪ್ಪಾಗತೊಡಗಿದ್ದವು. ಪಂಚಮಿಗೆ ಐದೇ ದಿನ ಉಳಿದಿತ್ತು. ಮನೆಮನೆಯಲ್ಲಿ ಜೋಳದ ಅಳ್ಳು ಹುರಿಯುವ ವಾಸನೆ, ಬೆಲ್ಲದ ಪಾಕ ಕುದಿಯುವ ವಾಸನೆ. ನಮ್ಮ ಹಿತ್ತಲ ಬೇವಿನ ಮರಕ್ಕೆ ಅಪ್ಪ ಆಗಲೇ ಜೋಕಾಲಿ ಕಟ್ಟಿದ್ದ. ಬೇರೆ ವರ್ಷವಾಗಿದ್ದರೆ ಆ ಹಗ್ಗ ಒಂದು ಗಳಿಗೆ ಸುಮ್ಮನೆ ಇರುತ್ತಿರಲಿಲ್ಲ. ಆ ವರ್ಷ ಮನೆಯಲ್ಲಿ ಎಲ್ಲರ ಕಣ್ಣೂ ಬಾಗಿಲ ಕಡೆಗೆ. ಅಕ್ಕನ ಲಗ್ನದ ಮಾತು ಒಂದು ಕಾಗದಕ್ಕಾಗಿ ನಿಂತಿತ್ತು.

ಅಕ್ಕ ಸಾವಿತ್ರಿಗೆ ಆಗ ಇಪ್ಪತ್ತು. ನೋಡಿ ಹೋಗಿದ್ದ ವರ ಕೊಣ್ಣೂರಿನ ಸೇತುವೆ ದಾಟಿದರೆ ಸಿಗುವ ಹೊಳೆಯಾಚೆಯ ಊರಿನವನು. ಗೋವಾದಲ್ಲಿ ಮೀನು ಹಿಡಿಯುವ ಬೋಟುಗಳ ಎಂಜಿನ್ ರಿಪೇರಿ ಮಾಡುವ ಕೆಲಸ. ನೋಡಲು ಬಂದ ದಿನ ಅವಲಕ್ಕಿ ತಿನ್ನುತ್ತ ಕೂತವನು, ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ, ಬೆಳೆಗೆ ಹುಳದ ಎಣ್ಣೆ ಹೊಡೆಯುವ ಪಂಪು ಕಂಡು ತಾಟು ಬದಿಗಿಟ್ಟ. ಹರಿದ ಚಪ್ಪಲಿ ಒಂದನ್ನು ಬೇಡಿ, ಅದರಿಂದ ದುಂಡಗೆ ವಾಷರ್ ಕತ್ತರಿಸಿ ಕೂಡಿಸಿ ಎರಡು ಸಲ ಒತ್ತಿದ. ಪಂಪು ಚರ್ರೆಂದು ನೀರು ಚಿಮ್ಮಿತು. ಆ ಹರಿದ ಚಪ್ಪಲಿ ಅಕ್ಕನದೇ. ಅವರು ಹೋದ ಮೇಲೆ ತೂತು ಬಿದ್ದ ಆ ಚಪ್ಪಲಿಯನ್ನು ಅವ್ವ ತಿಪ್ಪೆಗೆ ಎಸೆದರೆ, ಮರುದಿನ ಅದು ಅಕ್ಕನ ಟ್ರಂಕಿನ ಹಿಂದೆ ಇತ್ತು. ನಾನು ಕಂಡೆ. ಹೇಳಲಿಲ್ಲ.

ಎಲ್ಲರಿಗೂ ಒಪ್ಪಿಗೆ, ನಮ್ಮ ಆಯಿ ಒಬ್ಬಳನ್ನು ಬಿಟ್ಟು. ಆಯಿ ಅಂದರೆ ಅಪ್ಪನ ಅವ್ವ. ಅಜ್ಜ ಕುಡಿದು ಕುಡಿದೇ ಹೋದವನು. ಅವನ ಕೈಗಳು ಕೊನೆಯ ವರ್ಷಗಳಲ್ಲಿ ಚಹಾದ ಬಸಿಯನ್ನೂ ಹಿಡಿಯಲಾರದೆ ನಡುಗುತ್ತಿದ್ದುದನ್ನು ಅಕ್ಕ ನೋಡಿದ್ದಳು, ನಾನಾಗ ಕೂಸು. ಹಾಗಾಗಿ ಆಯಿಯದು ಒಂದೇ ಷರತ್ತು.

“ಕಪ್ಪಗಿರಲಿ, ಕುಂಟಿರಲಿ, ಉಪವಾಸ ಇಡಲಿ. ಕುಡಿಯಾವ್ಗ ಮಾತ್ರ ನನ್ನ ಮೊಮ್ಮಗಳ್ನ ಕೊಡಂಗಿಲ್ಲ. ಹನಿನೂ ಆಗಂಗಿಲ್ಲ. ಗೋವಾದಾಗ ಇದ್ದಾಂವ ಕುಡಿಯದ ಇರ್ತಾನೇನು? ಅಲ್ಲೆ ನೀರಿಗಿಂತ ಅದ ಸಸ್ತಾ ಅಂತ.”

ಅವಳ ಸಮಾಧಾನಕ್ಕಾಗಿ, ನರಗುಂದದಲ್ಲಿದ್ದ ನನ್ನ ಮಾಮಾ, ಅವ್ವನ ಅಣ್ಣ, ವರ ಕೆಲಸಕ್ಕಿದ್ದ ಬೋಟುಗಳ ಒಡತಿಗೆ ಫೋನು ಮಾಡಿ ನಾಲ್ಕು ಸಾಲು ಬರೆದು ಕಳಿಸಲು ಕೇಳಿಕೊಂಡಿದ್ದ. ಬೀಗರ ಕಡೆಯಿಂದಲೂ ಗಡುವು ಬಂದಿತ್ತು: ಇನ್ನೊಂದು ಕನ್ಯಾ ತೋರಿಸಿದ್ದಾರೆ, ಪಂಚಮಿಯೊಳಗೆ ಹೌದೋ ಅಲ್ಲವೋ ಹೇಳಿರಿ.

ಸೋಮವಾರ ಸಂಜೆ ಮಾಮಾ ಕಾಗದ ಹಿಡಿದುಕೊಂಡೇ ಬಂದ. ಬರೆದದ್ದು ಇಂಗ್ಲಿಷಿನಲ್ಲಿ. ಬಸ್ಸಿನಲ್ಲಿ ಯಾರನ್ನೋ ಕೇಳಿ ಓದಿಸಬಹುದಿತ್ತು, “ಮನಿ ಮಾತು ಮಂದಿಗ್ಯಾಕ ತೋರಸ್ಲಿ? ನಮ್ಮ ಗಂಗಿ ಅದಾಳಲ್ಲ” ಅಂದ. ಪಡಸಾಲೆಯಲ್ಲಿ ಎಲ್ಲರೂ ಕೂತರು. ಅಕ್ಕ ಅಡಿಗೆಮನೆಯ ಬಾಗಿಲ ಹಿಂದೆ, ಅವಳ ಬಳೆ ಮಾತ್ರ ಕಾಣುತ್ತಿತ್ತು. ಅಂದು ನಾನು ಶೇಂಗಾ ಕೇಳಲಿಲ್ಲ. ಆದರೆ ಗಂಟಲು ಸರಿಪಡಿಸಿಕೊಂಡೆ.

ಒಂದೊಂದೇ ಸಾಲು ಓದಿ ಕನ್ನಡ ಹೇಳಿದೆ. ಹುಡುಗ ಪ್ರಾಮಾಣಿಕ. ನಾಲ್ಕು ವರ್ಷದಿಂದ ತಮ್ಮಲ್ಲಿದ್ದಾನೆ. ಆಮೇಲೆ, “ಹಿ ವರ್ಕ್ಸ್ ಹಾರ್ಡ್. ಗಟ್ಟಿ ಕೆಲಸ ಮಾಡ್ತಾನ.”

ಅಪ್ಪ ತಲೆಯಾಡಿಸಿದ. ಅದರ ಕೆಳಗಿನ ಸಾಲು: “ಹಿ ಹಾರ್ಡ್ಲಿ ಡ್ರಿಂಕ್ಸ್.”

ಡ್ರಿಂಕ್ಸ್ ಎಂಬ ಶಬ್ದ ಎಲ್ಲರಿಗೂ ಗೊತ್ತಿತ್ತು. ನನ್ನ ಸೂತ್ರ ನಾಲಿಗೆಯ ಮೇಲೇ ಇತ್ತು. ಹಾರ್ಡ್ ಅಂದರೆ ಗಟ್ಟಿ, ಬಾಲಕ್ಕೆ ಲಿ.

“ಗಟ್ಟಿಯಾಗಿ ಕುಡಿತಾನ,” ಅಂದೆ.

ಮೊದಲು ಮಾತಾಡಿದವಳು ಆಯಿ. “ಕೇಳಿದ್ರ್ಯಾ? ಹೆಂಗ ದುಡಿತಾನೋ ಹಂಗ ಕುಡಿತಾನಂತ. ಆ ಬೋಟಿನ ಮಾಲಕಿ ಪಾಪ, ಖರೇ ಬರದಾಳ. ದೇವ್ರು ಆಕಿನ್ನ ಚಲೋ ಇಟ್ಟಿರ್ಲಿ.”

ಅಪ್ಪ ನನ್ನ ಕಡೆ ತಿರುಗಿ, “ಬರೋಬರಿ ಐತೇನವಾ?” ಎಂದು ಕೇಳಿದ. ಬಾಗಿಲ ಹಿಂದಿನಿಂದ ಅಕ್ಕನ ದನಿ ಬಂತು, ಸಣ್ಣಗೆ: “ಗಂಗೀ, ಇನ್ನೊಮ್ಮೆ ಓದ.”

ಓದಿದ್ದರೆ ಏನಾಗುತ್ತಿತ್ತೋ. ಮತ್ತೆ ಓದಿದರೂ ಶಬ್ದದ ಅರ್ಥ ಬದಲಾಗುತ್ತಿರಲಿಲ್ಲ, ನನ್ನ ತಲೆ ಅಷ್ಟೇ ಇತ್ತು. ಆದರೂ ಇಷ್ಟು ವರ್ಷದ ಮೇಲೆ ನನಗೆ ಚುಚ್ಚುವುದು ಅದೇ: ನಾನು ಕಾಗದದ ಕಡೆ ನೋಡಲಿಲ್ಲ. “ಎಷ್ಟ್ ಸಲ ಓದಿದ್ರೂ ಅದ” ಎಂದು ಮಡಚಿ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅದನ್ನು ಗೋಡೆಯೊಳಗಿನ ದೇವರ ಮಾಡದಲ್ಲಿ ಫೋಟೋದ ಹಿಂದೆ ಇಟ್ಟ. ಮಾಮಾ, “ಮಂಗಳವಾರ ಬ್ಯಾಡ. ಬುಧವಾರ ನಾನ ಹೋಗಿ ಒಲ್ಲೆ ಅಂತ ಹೇಳಿ ಬರ್ತೇನಿ” ಎಂದು ಕೊನೆಯ ಬಸ್ಸಿಗೆ ಎದ್ದ. ಬಾಗಿಲ ಹಿಂದೆ ಬಳೆ ಕಾಣಲಿಲ್ಲ.

ಮರುದಿನ ಮಂಗಳವಾರ ಸಾಲಿಯಲ್ಲಿ ಹೊಸ ಇಂಗ್ಲಿಷ್ ಅಕ್ಕೋರು ಪಾಠ ತೆಗೆದುಕೊಂಡರು. ಬಂದು ತಿಂಗಳಾಗಿತ್ತಷ್ಟೆ, ಊರಲ್ಲೇ ಬಾಡಿಗೆಗೆ ಇದ್ದರು. “ನಿಮ್ಮ ಬಗ್ಗೆ ಒಂದೊಂದ ವಾಕ್ಯ ಹೇಳ್ರಿ” ಅಂದರು. ಉಳಿದವರೆಲ್ಲ ‘ಮೈ ನೇಮ್ ಈಸ್’ ಎನ್ನುವಾಗ ನಾನು ಬೇರೆಯೇ ಹೇಳಬೇಕಲ್ಲ? ನಿನ್ನೆಯಷ್ಟೇ ಬಳಸಿ ಹದವಾಗಿದ್ದ ಶಬ್ದ ಕೈಯಲ್ಲೇ ಇತ್ತು. ಎದ್ದು ನಿಂತು, ಎದೆ ಮುಂದೆ ಮಾಡಿ ಹೇಳಿದೆ:

“ಐ ಹಾರ್ಡ್ಲಿ ಸ್ಟಡಿ!”

ಅಕ್ಕೋರು ಬೋರ್ಡಿಗೆ ಬರೆಯುವ ಖಡು ಕೆಳಗಿಟ್ಟು ನಕ್ಕರು. “ಖರೇ ಮಾತ ಹೇಳಿದಿ ಬಿಡ. ಇಷ್ಟ ಧೈರ್ಯಲೆ ಯಾರೂ ಒಪ್ಪಿಕೊಂಡಿದ್ದಿಲ್ಲ.”

ನನಗೆ ತಿಳಿಯಲಿಲ್ಲ. “ಅಂದ್ರ ಗಟ್ಟಿಯಾಗಿ ಓದ್ತೀನಿ ಅಂತ್ರಿ ಅಕ್ಕೋರ.”

“ಅಲ್ಲ ಹುಡುಗಿ. ಹಾರ್ಡ್ ಬ್ಯಾರೆ, ಹಾರ್ಡ್ಲಿ ಬ್ಯಾರೆ. ಐ ಸ್ಟಡಿ ಹಾರ್ಡ್ ಅಂದ್ರ ಗಟ್ಟಿ ಓದ್ತೀನಿ. ಐ ಹಾರ್ಡ್ಲಿ ಸ್ಟಡಿ ಅಂದ್ರ ಓದೂದ ಇಲ್ಲ ಅನ್ನೂವಷ್ಟ ಕಡಿಮಿ. ಹೊರಗ ‘ಇಲ್ಲ’ ಕಾಣಂಗಿಲ್ಲ, ಒಳಗ ಹೊಟ್ಟ್ಯಾಗ ಇಟ್ಟಕೊಂಡಿರ್ತೈತಿ ಈ ಶಬ್ದ.”

ತರಗತಿ ಹೋ ಎಂದು ನಕ್ಕಿತು. ನನಗೆ ನಗು ಕೇಳಿಸಲಿಲ್ಲ. ಕೂತುಕೊಳ್ಳದೆ ಕೇಳಿದೆ: “ಅಕ್ಕೋರ, ಹಾರ್ಡ್ಲಿ ಡ್ರಿಂಕ್ಸ್ ಅಂದ್ರ?”

“ಕುಡಿಯೂದ ಇಲ್ಲ ಅನ್ನೂವಷ್ಟ ಕಡಿಮಿ.”

“ಪೂರಾ ಇಲ್ಲೋ, ಒಂಚೂರು ಐತೋ?”

ಅಕ್ಕೋರು ನನ್ನ ಮುಖ ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಕುಡಿಯುವ ನೀರಿನ ಕೊಡದ ಹತ್ತಿರ ಹೋಗಿ ಅದನ್ನು ವಾರೆ ಮಾಡಿದರು. ಮಧ್ಯಾಹ್ನದೊಳಗೆ ಅದು ಖಾಲಿಯಾಗಿರುತ್ತಿತ್ತು. “ಇದರಾಗ ನೀರ ಐತೇನು? ಇಲ್ಲ ಅಂತೀರಿ. ಬೊಗಸಿ ಒಡ್ಡಿದ್ರ ಬೀಳಂಗಿಲ್ಲ. ಆದ್ರ ಒಳಗ ಕೈ ಹಾಕಿದ್ರ ತಳಾ ತೊಯ್ದಿರ್ತೈತಿ. ಆ ತೊಯ್ದದ್ದೈತಲ್ಲ, ಅದ ಹಾರ್ಡ್ಲಿ.”

ಇಂಥ ಪಾಠವನ್ನು ಅವರು ಸೋಮವಾರ ಮಾಡಬಾರದಿತ್ತೇ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮನೆಗೆ ಬಂದೆ. ಆಗ ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ, ಮಕ್ಕಳನ್ನು ಬೆಳೆಸುತ್ತಿರುವವರಿಗೆ ಉಪಯೋಗವಾದೀತು. ಓಡಿ ಹೋಗಿ ಅಪ್ಪನಿಗೆ ಹೇಳಲಿಲ್ಲ. ಪಾಟಿಚೀಲ ಗೂಟಕ್ಕೆ ಹಾಕಿ, ಮನಸ್ಸಿನಲ್ಲೇ ಲಾಭನಷ್ಟ ತೂಗಿ ನೋಡಿದೆ. ಹೇಳಿದರೆ ಇಂಗ್ಲಿಷ್ ಗಂಗಿ ಅನ್ನುವ ಹೆಸರು ಅಂದೇ ಹೋಯಿತು. ನಾಳೆಯಿಂದ ಯಾರು ಬಾಟಲಿ ಹಿಡಿದು ಬರುತ್ತಾರೆ? ಹಿಂದೆ ಓದಿಕೊಟ್ಟದ್ದೆಲ್ಲ ಸುಳ್ಳೇನೋ ಎಂದು ಓಣಿಯವರೆಲ್ಲ ಬಂದು ಕೇಳಿದರೆ? ಅಪ್ಪ ಹೊಡೆಯುವವನಲ್ಲ, ಮಾತು ಬಿಡುವವನು. ಅದು ಹೊಡೆತಕ್ಕಿಂತ ಕಠಿಣ. ಹೇಳದಿದ್ದರೆ? ಅಕ್ಕನಿಗೆ ಬೇರೆ ವರ ಬಂದೇ ಬರುತ್ತಾನೆ. ಹನ್ನೆರಡು ವರ್ಷದ ಹುಡುಗಿ ಎಷ್ಟು ಚೆನ್ನಾಗಿ ಚೌಕಾಸಿ ಮಾಡಬಲ್ಲಳು, ಅದೂ ಬೇರೆಯವರ ಬಾಳಿನ ಮೇಲೆ!

ಅಕ್ಕ ಮನೆಯಲ್ಲಿರಲಿಲ್ಲ. ಓಣಿಗೆಲ್ಲ ಪಂಚಮಿಯ ಸಿಹಿ ಉಂಡಿ ಹಂಚಲು ಹೋಗಿದ್ದಾಳೆಂದು ಅವ್ವ ಹೇಳಿದಳು. ಹೊತ್ತು ಇಳಿಯುವಾಗ ಬಂದಳು. ನಾನು ಹಿತ್ತಲಲ್ಲಿ ಜೋಕಾಲಿಯ ಮೇಲೆ ಸುಮ್ಮನೆ ಕೂತಿದ್ದೆ, ಜೀಕುವ ಮನಸ್ಸಿರಲಿಲ್ಲ. ಅವಳು ಹಿಂದೆ ನಿಂತು ಮೆಲ್ಲಗೆ ನೂಕತೊಡಗಿದಳು. ಅವಳ ಸೆರಗಿಗೆ ಪಾಕದ, ಏಲಕ್ಕಿಯ ವಾಸನೆ. ನಾನು ಮುಂದೆ ಹೋಗಿ ತಿರುಗಿ ಬಂದಾಗಲೆಲ್ಲ ಅವಳ ಅಂಗೈ ನನ್ನ ಬೆನ್ನಿಗೆ ತಾಗುತ್ತಿತ್ತು.

“ಸಾಲ್ಯಾಗ ಇವತ್ತ ಏನ್ ಕಲಿಸಿದ್ರು, ಗಂಗೀ?”

“ಏನಿಲ್ಲ.”

ಮತ್ತೆ ನೂಕಿದಳು. “ಇಂಗ್ಲಿಷ್ ಅಕ್ಕೋರ ಬಂದಿದ್ದಿಲ್ಲೇನು?”

“ಬಂದಿದ್ರು.”

“ಏನ್ ಹೇಳಿದ್ರು?”

“ಏನಿಲ್ಲ ಅಂದ್ನೆಲ್ಲ!” ಎಂದು ಜಿಗಿದು ಒಳಗೆ ಓಡಿದೆ. ತಿರುಗಿ ನೋಡಿದಾಗ ಅಕ್ಕ ಖಾಲಿ ಜೋಕಾಲಿಯನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸುತ್ತಿದ್ದಳು.

ಅಂದು ಊಟದಲ್ಲಿ ರೊಟ್ಟಿಗೆ ಹಸಿ ಹೆಸರುಕಾಳಿನ ಪಲ್ಯ ಇತ್ತು, ನನ್ನ ಜೀವ. ಒಂದು ತುತ್ತೂ ಇಳಿಯಲಿಲ್ಲ. ಹೊರಗೆ ಬಸ್ಸಿನಿಂದ ಇಳಿದವರು ಮಾತಾಡುತ್ತಿದ್ದರು: ಡ್ಯಾಮಿನಿಂದ ನೀರು ಬಿಟ್ಟಾರ, ಹೊಳಿ ಏರಾಕತ್ತೈತಿ, ನಾಳೆ ಕೊಣ್ಣೂರ ಸೇತುವಿ ಮುಳುಗಿದ್ರೂ ಮುಳುಗಬಹುದು. ನನಗೆ ಹೊಟ್ಟೆಯಲ್ಲಿ ಒಂದು ಆಸೆ ಹುಟ್ಟಿತು. ಮುಳುಗಲಿ, ಮಾಮಾ ದಾಟದಿರಲಿ, ನಾನು ಹೇಳುವುದೇ ಬೇಡವಾಗಲಿ. ನನ್ನ ಒಂದು ಶಬ್ದದ ತಪ್ಪನ್ನು ತೊಳೆಯಲು ಇಡೀ ಮಲಪ್ರಭೆಗೆ ಏರು ಅಂದೆ ನಾನು. ಮರುಕ್ಷಣವೇ ಹೊಳೆದಂಡೆಯ ಮನೆಗಳು ನೆನಪಾಗಿ ಇನ್ನಷ್ಟು ಹೆದರಿಕೆಯಾಯಿತು.

ಬೆಳಕು ಹರಿಯುವಾಗ ಅಪ್ಪ ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತಿದ್ದ. ಹೋಗಿ ಅವನ ಎದುರು ನಿಂತೆ. ಬಾಯಿ ತೆರೆಯುವ ಮೊದಲೇ ಅಳು ಬಂತು.

“ಅಪ್ಪಾ, ನಾ ತಪ್ಪ ಓದೇನಿ. ಗಟ್ಟಿಯಾಗಿ ಕುಡಿತಾನ ಅಂತ ಅಲ್ಲಂತ. ಉಲ್ಟಾ ಅಂತ.”

ಅಪ್ಪ ಬಾಯಿ ಮುಕ್ಕಳಿಸಿ ಉಗುಳಿದ. “ಯಾವಾಗ ಗೊತ್ತಾತು?”

ಆ ಪ್ರಶ್ನೆಗೆ ನಾನು ತಯಾರಿರಲಿಲ್ಲ. “ನಿನ್ನಿ.”

ಅವನು ಟಾವೆಲಿನಿಂದ ಮುಖ ಒರೆಸಿಕೊಂಡು, “ಚಪ್ಪಲಿ ಹಾಕ್ಕೊ. ಕಾಗದ ತಗೊ. ನೀನ ಬಂದ ಹೇಳಬೇಕು” ಅಂದ. ಮಾಡದಿಂದ ಕಾಗದ ತೆಗೆದುಕೊಂಡೆ. ಅದರ ಮೂಲೆಯಲ್ಲಿ ಬೆಲ್ಲದ ಪಾಕದ ಬೆರಳಚ್ಚು ಹೊಳೆಯುತ್ತಿತ್ತು. ನನ್ನದೇ ಇರಬೇಕೆಂದುಕೊಂಡೆ. ಅಡಿಗೆಮನೆಯಲ್ಲಿ ಅಕ್ಕ ಒಲೆ ಊದುತ್ತಿದ್ದಳು, ಮುಖ ತಿರುಗಿಸಲಿಲ್ಲ.

ನರಗುಂದಕ್ಕೆ ಮೊದಲ ಬಸ್ಸು. ಮಾಮಾನ ಮನೆಗೆ ಹೋದರೆ ಅತ್ತಿ ಬಾಗಿಲಲ್ಲಿ, “ಅಯ್ಯ, ಅವ್ರು ಲಗೂನ ಹೋದ್ರಲ್ಲ. ಹೊಳಿ ಏರೂದ್ರೊಳಗ ದಾಟ್ತೀನಿ ಅಂತ ಚಾ ಸೈತ ಕುಡೀಲಿಲ್ಲ” ಅಂದಳು. ಅಪ್ಪ ನನ್ನ ಕೈ ಹಿಡಿದು ಹೊರಟ. ಕೊಣ್ಣೂರಿನ ಕಡೆ ಹೋಗುವ ಟೆಂಪೊದಲ್ಲಿ ಕಾಲಿಡಲು ಜಾಗವಿರಲಿಲ್ಲ. ದಾರಿಯುದ್ದಕ್ಕೂ ನನ್ನ ಕಿವಿ ಬೇರೆಯವರ ಮಾತಿನಲ್ಲಿ: ಒಬ್ಬ ಸೇತುವೆ ಬಂದ್ ಆಗಿದೆ ಅಂದ, ಇನ್ನೊಬ್ಬ ಈಗಷ್ಟೇ ಒಂದು ಬಸ್ಸು ಬಿಟ್ಟರು ಅಂದ. ಆ ಬಸ್ಸಿನಲ್ಲಿ ಮಾಮಾ ಇದ್ದರೆ? ಅಪ್ಪ ಒಂದು ಮಾತೂ ಆಡಲಿಲ್ಲ. ಮಾತು ಬಿಡುವುದು ಆಗಲೇ ಸುರುವಾಗಿದೆ ಎಂದುಕೊಂಡೆ.

ಸೇತುವೆ ಕಂಡಾಗ ಅದರ ಮೈ ಇನ್ನೂ ಕಾಣುತ್ತಿತ್ತು, ಆದರೆ ಕೆಂಪು ನೀರು ಅದರ ಹೊಟ್ಟೆಗೆ ತಾಗಿ ಹರಿಯುತ್ತಿತ್ತು. ಈಚೆ ದಂಡೆಗೆ ಹಗ್ಗ ಕಟ್ಟಿ ಮಂದಿಯನ್ನು ತಡೆದಿದ್ದರು. ಬೇರು ಸಮೇತ ಬಂದ ಜಾಲಿಯ ಗಿಡವೊಂದು ಕಂಬಕ್ಕೆ ಬಡಿದು ತಿರುಗುತ್ತಿತ್ತು. ನಾನು ಜನರ ನಡುವೆ ನುಸುಳಿ ಮಾಮಾನ ಬಿಳಿ ಟೋಪಿ ಹುಡುಕಿದೆ. ಎಷ್ಟೊಂದು ಬಿಳಿ ಟೋಪಿ! ಪ್ರತಿಯೊಂದು ಟೋಪಿಯ ಕೆಳಗೂ ಬೇರೆ ಯಾರದೋ ಮುಖ.

ಕಡೆಗೆ ಚಹಾದಂಗಡಿಯ ಬೆಂಚಿನ ಮೇಲೆ ಸಿಕ್ಕ. ಮಿರ್ಚಿ ಭಜಿ ತಿನ್ನುತ್ತ ಹೊಳೆಯನ್ನು ಬೈಯುತ್ತಿದ್ದ. “ನಾ ಬರೂದಕೂ ಇವ್ರು ಹಗ್ಗಾ ಕಟ್ಟೂದಕೂ ಸರಿ ಹೋತು ನೋಡ. ಅಲ್ಲ, ನೀವ್ಯಾಕ ಬಂದ್ರಿ?”

ಅಪ್ಪ ನನ್ನನ್ನು ಮುಂದೆ ನಿಲ್ಲಿಸಿದ. ಕಾಗದ ಬಿಚ್ಚಿ, ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದೆ: ಅಕ್ಕೋರು ಹೇಳಿದರು, ಇದು ಗಟ್ಟಿಯಾಗಿ ಅಂತ ಅಲ್ಲ, ಇಲ್ಲ ಅನ್ನುವಷ್ಟು ಕಡಿಮೆ ಅಂತ.

ಮಾಮಾ ಭಜಿ ಕೆಳಗಿಟ್ಟ. “ಅನ್ನೂವಷ್ಟ ಕಡಿಮಿ ಅಂದ್ರೇನ್ ಬೇ? ನಾಳೆ ನಿಮ್ಮಾಯಿ ಮುಂದ ನಿಂತ ಹೇಳಾಂವ ನಾನು. ಕುಡಿತಾನೋ ಇಲ್ಲೋ? ಒಂದ ಮಾತ ಹೇಳ.”

ಅಪ್ಪನೂ ನನ್ನ ಮುಖ ನೋಡಿದ. ಹೊಳೆಯ ಸದ್ದು ಕಿವಿ ತುಂಬುತ್ತಿತ್ತು. ಕೊಡದ ತಳ ನನ್ನ ಕಣ್ಣ ಮುಂದೆ ಇತ್ತು, ತೊಯ್ದದ್ದು. ಆಯಿಯ ದನಿಯೂ ಇತ್ತು, ಹನಿನೂ ಆಗಂಗಿಲ್ಲ. ತಳ ತೊಯ್ದಿದೆ ಅಂದರೆ ಆಯಿಗೆ ಅದು ತುಂಬಿದ ಕೊಡವೇ. ಟ್ರಂಕಿನ ಹಿಂದಿನ ಚಪ್ಪಲಿಯೂ ನೆನಪಾಯಿತು.

“ಇಲ್ಲ ಮಾಮಾ,” ಅಂದೆ. “ಕುಡಿಯೂದ ಇಲ್ಲಂತ.”

ಸೋಮವಾರದ ತಪ್ಪು ಗೊತ್ತಿಲ್ಲದೆ ಮಾಡಿದ್ದು. ಬುಧವಾರದ್ದು ಗೊತ್ತಿದ್ದೇ.

ಮರುದಿನ ನೀರು ಇಳಿಯಿತು. ಮಾಮಾ ದಾಟಿ ಹೋಗಿ ಹೌದು ಅಂದು ಬಂದ. ಪಂಚಮಿಯ ದಿನ ಆಯಿ ನನ್ನನ್ನು ಹತ್ತಿರ ಕೂಡಿಸಿಕೊಂಡು, “ಹನಿನೂ ಇಲ್ಲಲ್ಲ?” ಎಂದು ಮತ್ತೆ ಕೇಳಿದಳು. “ಹನಿನೂ ಇಲ್ಲ ಆಯಿ.” ದೊಡ್ಡದೊಂದು ಶೇಂಗಾ ಉಂಡಿ ನನ್ನ ಅಂಗೈಯಲ್ಲಿಟ್ಟು ಮುಚ್ಚಿದಳು. ಆ ಉಂಡಿ ನನಗೆ ತಿನ್ನಲಾಗಲಿಲ್ಲ. ಜೋಕಾಲಿ ಕೆಳಗೆ ಇರುವೆಗೆ ಹಾಕಿದೆ.

ದೀಪಾವಳಿಯ ಮೇಲೆ ಲಗ್ನವಾಯಿತು. ಎಲ್ಲರೂ ನಕ್ಕರು, ಉಂಡರು, ನನ್ನ ತಪ್ಪು ಓದನ್ನು ಹಾಸ್ಯ ಮಾಡಿದರು. ನನಗೆ ಮಾತ್ರ ಅಲ್ಲಿಂದ ಕಾಯುವ ಕೆಲಸ ಸುರುವಾಯಿತು. ಅಕ್ಕ ತವರಿಗೆ ಬಂದಾಗಲೆಲ್ಲ ಮೊದಲು ಅವಳ ಮುಖ ನೋಡುತ್ತಿದ್ದೆ, ಆಮೇಲೆ ಕೈ, ಎಲ್ಲಿಯಾದರೂ ಬಾವು ಇದೆಯೇ ಎಂದು. ಅವಳ ಮನೆಗೆ ಹೋದಾಗ ಯಾರೂ ಇಲ್ಲದ ಹೊತ್ತು ನೋಡಿ, ಗೂಟಕ್ಕೆ ಹಾಕಿದ ಭಾವನ ಅಂಗಿ ಮೂಸುತ್ತಿದ್ದೆ. ಡೀಸೆಲ್ಲು, ಸಬಕಾರ, ಅಷ್ಟೇ. ಆದರೂ ಮುಂದಿನ ಸಲ ಮತ್ತೆ ಮೂಸುತ್ತಿದ್ದೆ. ಆಯಿ ತೀರಿಕೊಂಡ ದಿನ ಕೂಡ, ಅವಳಿಗೆ ಗೊತ್ತಾಗದೆ ಹೋದಳಲ್ಲ ಎಂದು ಸಮಾಧಾನವಾಗಿ, ಆ ಸಮಾಧಾನಕ್ಕೇ ನಾಚಿಕೆಯಾಗಿತ್ತು.

ಅಂದಿನಿಂದ ನಾನು ಕಲಿತದ್ದೊಂದಿದೆ, ತೆಗೆದುಕೊಳ್ಳುವವರು ತೆಗೆದುಕೊಳ್ಳಿರಿ. ನೇಕಾರರ ಮನೆಗೆ ಸೀರೆ ಎತ್ತಲು ಹೋದಾಗ, “ಬಣ್ಣಾ ಬಿಡೂದಿಲ್ಲ ಅನ್ನಬಹುದ್ರಿ ಅಕ್ಕಾರ” ಅನ್ನುತ್ತಾರೆ. ನಾನು ಹೇಳುವುದು: “ಅನ್ನಬಹುದು ತಗೀರಿ. ಬಿಡ್ತೈತೋ ಇಲ್ಲೋ?” ಬಿಳಿ ಅರಿವೆ ತೊಯ್ಸಿ ಅಂಚಿಗೆ ಉಜ್ಜಿ ನೋಡುತ್ತೇನೆ. ಸ್ವಲ್ಪ ಬಿಟ್ಟರೆ ಬೇಡವೆನ್ನುವುದಿಲ್ಲ. ಎಷ್ಟು ಬಿಡುತ್ತದೆಂದು ಗಿರಾಕಿಗೆ ಹೇಳಿ ಮಾರುತ್ತೇನೆ. ಮಾತಿನಲ್ಲಿ ತಳ ತೊಯ್ದಿದ್ದರೆ ಅದನ್ನು ಮೊದಲೇ ಕೈ ಹಾಕಿ ನೋಡಬೇಕು. ಒಣಗಿದೆ ಎಂದು ಹೇಳಿ ದಾಟಿಸಿದವರಿಗೆ ಆಮೇಲೆ ನೆಮ್ಮದಿ ಇರುವುದಿಲ್ಲ.

ಹೋದ ಪಂಚಮಿಗೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಗೋವಾ ಬಿಟ್ಟು ಬಂದು ನರಗುಂದದಲ್ಲಿ ಪಂಪು ರಿಪೇರಿಯ ಅಂಗಡಿ ಇಟ್ಟು ವರ್ಷಗಳಾದವು. ಅಕ್ಕನ ಮಗಳು ಹೊಸ ಮಿಕ್ಸರಿನ ಪೆಟ್ಟಿಗೆಗೆ ಮೊಬೈಲು ಹಿಡಿದಳು, ಇಂಗ್ಲಿಷೆಲ್ಲ ಕನ್ನಡವಾಗಿ ಪರದೆಯ ಮೇಲೆ ಬಂತು. ನನಗೆ ತಡೆಯಲಾಗಲಿಲ್ಲ. “ಹಿ ಹಾರ್ಡ್ಲಿ ಡ್ರಿಂಕ್ಸ್, ಅಂತ ಹೊಡಿ ನೋಡೂಣು” ಅಂದೆ. ಕಣ್ಣು ಪಿಳಕಿಸುವುದರೊಳಗೆ ಉತ್ತರ: ಅವನು ಅಷ್ಟೇನೂ ಕುಡಿಯುವುದಿಲ್ಲ. ಎರಡು ದಿನದ ನನ್ನ ನರಕ ಅದಕ್ಕೆ ಒಂದು ಚಿಟಿಕೆಯಷ್ಟಾಯಿತು. ಹುಡುಗಿ ಮೊಬೈಲು ಕಿಸೆಗಿಟ್ಟು ಹೋದಳು.

ನಾವಿಬ್ಬರೇ ಉಂಡಿ ಕಟ್ಟುತ್ತ ಕೂತೆವು. ಇಷ್ಟು ವರ್ಷದ ಭಾರ ಇನ್ನು ಹೊರಲಾರೆ ಅನ್ನಿಸಿತು. ಸೇತುವೆಯ ಹತ್ತಿರ ಮಾಮಾಗೆ ಏನು ಹೇಳಿದೆ, ಏನು ಬಿಟ್ಟೆ, ಎಲ್ಲ ಹೇಳಿದೆ. ಅಂಗಿ ಮೂಸಿದ್ದನ್ನೂ.

ಅಕ್ಕ ಬಿದ್ದು ಬಿದ್ದು ನಕ್ಕಳು. “ಹುಚ್ಚಿ! ನಿಮ್ಮ ಭಾವ ಮೊದಲನೇ ದಿನಾನ ಹೇಳ್ಯಾರ. ವರ್ಷಕ್ಕೊಮ್ಮೆ ಬೋಟು ನೀರಿಗಿಳಿಸೂ ದಿನ ಎಲ್ಲಾರ್ಗೂ ಒಂದ ಮುಚ್ಚಳ ಶೆರೆ ಕೊಡ್ತಿದ್ರಂತ, ಬ್ಯಾಡಂದ್ರ ಬೋಟಿಗೆ ಕೆಟ್ಟದ್ದಂತ. ಅಷ್ಟ.”

“ಮತ್ತ ನಿನಗ ಅದಕ್ಕ ಮೊದಲ ಗೊತ್ತ ಇದ್ದಿದ್ದಿಲ್ಲಲ್ಲ? ನಾ ಸುಳ್ಳ ಹೇಳಿ ನಿನ್ನ ಕೊಡಿಸಿದೆ.”

“ಗೊತ್ತಿತ್ತು.” ಅಕ್ಕ ಪಾಕ ಹತ್ತಿದ ಬೆರಳನ್ನು ನೋಡಿ, ಪಾತ್ರೆಯ ಅಂಚಿಗೆ ಒರೆಸಿದಳು. “ಮಂಗಳವಾರ ಸಾಲಿ ಬಿಡೂ ಹೊತ್ತಿಗೆ ಉಂಡಿ ಕೊಡೂ ನೆವಾ ಮಾಡಿ, ಆ ಕಾಗದ ತಗೊಂಡ ನಿಮ್ಮ ಅಕ್ಕೋರ ಮನಿಗೆ ಹೋಗಿದ್ನಿ. ಅವ್ರು ಆಗಷ್ಟ ಬಂದಿದ್ರು. ನನಗೂ ಕೊಡದ ಮಾತ ಹೇಳಿದ್ರು. ತಳಾ ತೊಯ್ದಷ್ಟ ಇದ್ರ ನಡೀತೈತಿ ಅಂತ ನಾನ ನಿಶ್ಚೇ ಮಾಡಿಕೊಂಡಿದ್ನಿ.”

ಕಾಗದದ ಮೂಲೆಯ ಬೆರಳಚ್ಚು ನನಗೆ ಆಗ ಹೊಳೆಯಿತು.

“ನಾ ಓದಿದ್ದು ತಪ್ಪ ಅಂತ ನಿನಗ ಹ್ಯಾಂಗ ಅನಿಸ್ತು?”

“ಅಜ್ಜನ ಕೈ ನೋಡಿದ್ನೆಲ್ಲ. ಗಟ್ಟಿಯಾಗಿ ಕುಡಿಯಾವ್ರ ಕೈ ನಡಗತಾವ. ನಿಮ್ಮ ಭಾವ ಚಪ್ಪಲ್ಯಾಗ ವಾಷರ್ ಕತ್ತರಿಸಿದ್ದ ನೋಡಿದ್ದಿಲ್ಲ? ಬಳೆ ಇಟ್ಟ ಗೆರಿ ಹೊಡದಂಗ ದುಂಡಕ ಇತ್ತು.”

ನಾನು ಲೆಕ್ಕ ಹಾಕಿದೆ. ಮಂಗಳವಾರ ಸಾಲಿ ಬಿಟ್ಟ ಹೊತ್ತು. ಅಂದರೆ ಸಂಜೆ ಜೋಕಾಲಿ ನೂಕುವಾಗ ಅವಳಿಗೆ ಎಲ್ಲ ಗೊತ್ತಿತ್ತು. ಸಾಲ್ಯಾಗ ಇವತ್ತ ಏನ್ ಕಲಿಸಿದ್ರು ಎಂದು ಕೇಳಿದ್ದು ಅದಕ್ಕೇ. ಅಂಗೈಯಿಂದ ನನ್ನ ಬೆನ್ನು ಮುಟ್ಟಿ ಮುಟ್ಟಿ ಅವಳು ಕಾದಿದ್ದಳು. ನಾನು ಏನಿಲ್ಲ ಅಂದಿದ್ದೆ.

“ನೀನ ಅಪ್ಪಗ ಹೇಳಬೇಕಿತ್ತಲ್ಲ, ಅಕ್ಕಾ.”

“ನನ್ನ ಲಗ್ನದ ಮಾತ ನಾನ ಎತ್ತಲೇನು ಆಗಿನ ಕಾಲದಾಗ? ನೀ ಹೇಳ್ತಿ ಅಂತ ಕುಂತಿದ್ನಿ.”

ಕೈಯಲ್ಲಿದ್ದ ಉಂಡಿ ಒಡೆಯಿತು. ಕೇಳಬಾರದಿತ್ತು, ಕೇಳಿದೆ: “ನಾ ಹೇಳದ ಸುಮ್ಮ ಇದ್ದಬಿಡ್ತೀನಿ ಅಂತ ಆವತ್ತ ನಿನಗ ಅನಿಸ್ತೇನು?”

ಅಕ್ಕ ಏಳನೆಯದಕ್ಕೇ ಸಾಲಿ ಬಿಟ್ಟವಳು. ಅವಳ ಬಾಯಲ್ಲಿ ನಾನು ಇಂಗ್ಲಿಷ್ ಶಬ್ದ ಕೇಳಿದ್ದೇ ಕಡಿಮೆ. ಒಡೆದ ಉಂಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮತ್ತೆ ದುಂಡಗೆ ಕಟ್ಟುತ್ತ, ನಗುತ್ತ ಹೇಳಿದಳು:

“ಹಾರ್ಡ್ಲಿ.”

ನಾನೂ ನಕ್ಕೆ. ಈಗ ಆಯಿ ಇಲ್ಲ, ಮಾಡದಲ್ಲಿ ಕಾಗದ ಇಡುವ ಮನೆಯಿಲ್ಲ, ಇಂಗ್ಲಿಷ್ ಓದಿಸಿಕೊಳ್ಳಲು ಹಿಡಿ ಶೇಂಗಾ ಹಿಡಿದು ಯಾರೂ ಯಾವ ಹುಡುಗಿಯ ಮುಂದೆಯೂ ನಿಲ್ಲುವುದಿಲ್ಲ. ಅವೆಲ್ಲ ಹೋಗುವಂಥವೇ, ಹೋದವು. ಹೋಗಬಾರದ್ದು ಒಂದಿತ್ತು, ಅಕ್ಕನ ಪೂರಾ ನಂಬಿಕೆ. ಆ ಮಂಗಳವಾರದ ಸಂಜೆಯ ತನಕ ನನ್ನ ಮೇಲೆ ಅಕ್ಕನ ಸಂಶಯದ ಕೊಡ ಪೂರಾ ಒಣಗಿತ್ತು, ತಳದಲ್ಲೂ. ಅವಳು ಎಷ್ಟೇ ನಕ್ಕು ಹೇಳಲಿ, ಹಾರ್ಡ್ಲಿ ಅಂದರೆ ಎಷ್ಟು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?